ಹಾಸ್ಟೆಲ್ ಬಾಗಿಲು ಮುಚ್ಚೋದು ಒರಟುತನ ಅಲ್ಲ

ಸಂಪಾದಕರಿಗೆ ನಮಸ್ಕಾರ.

ಮಕ್ಕಳನ್ನು ಯೂನಿವರ್ಸಿಟಿ ಹಾಸ್ಟೆಲ್‌ಗೆ ಬಿಡಲು ಬರುವ ಅಪ್ಪ ಅಮ್ಮಂದಿರ ಪ್ರಶ್ನೆಗಳು ನನಗೆ ಬಾಯಿಪಾಠ. ಹಾಸಿಗೆ ಹೇಗಿದೆ, ಬಿಸಿನೀರು ಬರುತ್ತಾ, ವೈಫೈ ಇದೆಯಾ. ಹದಿನಾಲ್ಕು ವರ್ಷ ನಾನು ಹಾಸ್ಟೆಲ್ ಒಂದರಲ್ಲಿ ರಾತ್ರಿ ಪಾಳಿಯ ವಾರ್ಡನ್ ಆಗಿದ್ದೆ. ಅಷ್ಟು ವರ್ಷಗಳಲ್ಲಿ ರೂಮಿನ ಚಿಲಕವನ್ನು ಒಂದು ಸಲ ಹಾಕಿ ತೆಗೆದು ನೋಡಿದವರು ಇಬ್ಬರೋ ಮೂವರೋ ಅಷ್ಟೇ. ಅದಕ್ಕೇ ಈ ಪತ್ರ.

ನಮ್ಮ ಕಟ್ಟಡದ ಹಿಂಬಾಗಿಲಲ್ಲಿ ದಿನಾ ರಾತ್ರಿ ಒಂದು ಕೆಂಪು ಸಿಲಿಂಡರ್ ನಿಂತಿರುತ್ತಿತ್ತು. ಬೆಂಕಿ ಆರಿಸುವ ಸಿಲಿಂಡರ್. ಅದು ಇರಬೇಕಾದ ಜಾಗ ಮೆಟ್ಟಿಲ ಪಕ್ಕದ ಕೊಕ್ಕೆ. ಫೋನಿನಲ್ಲಿ ಮಾತಾಡಲು ಹೊರಗೆ ಹೋದವರೋ, ಕಾರ್ಡ್ ಮರೆತು ಬಂದವರೋ, ಬಾಗಿಲು ಮುಚ್ಚಿಕೊಳ್ಳದಿರಲಿ ಅಂತ ಅಡ್ಡ ಇಟ್ಟಿರುತ್ತಿದ್ದರು. ನಾನು ಎತ್ತಿ ಕೊಕ್ಕೆಗೆ ಹಾಕುವುದು, ಬೆಳಗಿನ ಜಾವ ನೋಡಿದರೆ ಅದು ಮತ್ತೆ ಬಾಗಿಲ ಬುಡದಲ್ಲಿ ಇರುವುದು. ಕೇಳಿದರೆ ‘ಆಂಟಿ, ಎರಡೇ ನಿಮಿಷ’ ಅನ್ನುತ್ತಿದ್ದರು. ಯಾರದೂ ಎರಡು ನಿಮಿಷಕ್ಕೆ ಮುಗಿದದ್ದು ನಾನು ನೋಡಿಲ್ಲ.

ಇಷ್ಟಕ್ಕೆಲ್ಲ ಪತ್ರ ಬರೀಬೇಕಾ ಅನ್ನುವವರಿಗೆ ಒಂದು ಹಳೆಯ ಘಟನೆ ಹೇಳುತ್ತೇನೆ. 1986ರ ಏಪ್ರಿಲ್‌ನಲ್ಲಿ ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ ಜೀನ್ ಕ್ಲೆರಿ ಎಂಬ 19 ವರ್ಷದ ಹುಡುಗಿ ತನ್ನ ರೂಮಿನಲ್ಲೇ ಕೊಲೆಯಾದಳು. ತಾವಾಗಿಯೇ ಲಾಕ್ ಆಗುವ ಬಾಗಿಲುಗಳಿದ್ದವು. ಅವಕ್ಕೆ ಯಾರೋ ಪಿಝಾ ಡಬ್ಬಿ ಸಿಕ್ಕಿಸಿ ತೆರೆದಿಟ್ಟಿದ್ದರು. ಕೊಂದವನು ಹೊರಗಿನವನಲ್ಲ, ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಅವಳ ಅಪ್ಪ ಅಮ್ಮ ಬಿಡಲಿಲ್ಲ, ಹೋರಾಡಿದರು. 1990ರಲ್ಲಿ ಅಲ್ಲಿ ಕಾನೂನೇ ಬಂತು. ಕ್ಯಾಂಪಸ್‌ನಲ್ಲಿ ನಡೆದ ಅಪರಾಧಗಳ ಲೆಕ್ಕವನ್ನು ಕಾಲೇಜುಗಳು ಪ್ರತಿವರ್ಷ ಬಹಿರಂಗಪಡಿಸಬೇಕು ಅಂತ. ಆಮೇಲೆ ಆ ಕಾನೂನಿಗೆ ಅವಳ ಹೆಸರನ್ನೇ ಇಟ್ಟರು.

ನಾನು ಕಂಡ ಕಳ್ಳತನಗಳು ಇದರ ಮುಂದೆ ಏನೂ ಅಲ್ಲ. ಆದರೆ ದಾರಿ ಒಂದೇ. ಬೀಗ ಒಡೆದು ಒಳಗೆ ಬಂದ ಕಳ್ಳನನ್ನು ನಾನು ಕಂಡೇ ಇಲ್ಲ. ಎಲ್ಲರೂ ತೆರೆದ ಬಾಗಿಲಲ್ಲೇ ಬಂದವರು. ಒಬ್ಬ ಹುಡುಗ ಹಲ್ಲುಜ್ಜಲು ಹೋದ. ಏಳೆಂಟು ನಿಮಿಷ ಆಗಿರಬಹುದು. ಬಾಯಲ್ಲಿ ನೊರೆ ಇಟ್ಟುಕೊಂಡೇ ನನ್ನ ಹತ್ತಿರ ಓಡಿ ಬಂದ. ಲ್ಯಾಪ್‌ಟಾಪ್ ಇಲ್ಲ. ಚಾರ್ಜರ್ ಮಾತ್ರ ಗೋಡೆಗೆ ನೇತಾಡುತ್ತಿತ್ತು. ಪೊಲೀಸರು ಸೀರಿಯಲ್ ನಂಬರ್ ಕೇಳಿದರು. ಅದು ಲ್ಯಾಪ್‌ಟಾಪ್‌ನ ಹೊಟ್ಟೆಯ ಮೇಲೇ ಅಚ್ಚಾಗಿತ್ತು. ಲ್ಯಾಪ್‌ಟಾಪ್ ಕಳ್ಳನ ಹತ್ತಿರ! ಅವತ್ತಿನಿಂದ ಹೊಸಬರು ಬಂದ ದಿನವೇ ನಾನು ಸೀರಿಯಲ್ ನಂಬರ್‌ನ ಫೋಟೋ ತೆಗೆಸಿ ಮನೆಯವರಿಗೆ ಕಳಿಸಲು ಹೇಳುತ್ತಿದ್ದೆ. ಫೋನಿಗಾದರೆ *#06# ಒತ್ತಿದರೆ ಸಾಕು, ಆ ಫೋನಿನದೇ ಗುರುತಿನ ಸಂಖ್ಯೆ, 15 ಅಂಕಿಯ ಐಎಂಇಐ ನಂಬರ್ ಬರುತ್ತದೆ. ಅದನ್ನೂ ಬರೆದಿಡಿ. ಫೋನಿನೊಳಗೇ ಬರೆದಿಟ್ಟರೆ ಪ್ರಯೋಜನ ಇಲ್ಲ, ಅಲ್ವಾ?

ಇಂಥ ಕಳ್ಳರ ಬಾಯಲ್ಲಿ ಯಾವಾಗಲೂ ಒಂದು ಹೆಸರು ಇರುತ್ತದೆ. ಬಾಗಿಲು ಮೆಲ್ಲಗೆ ತಳ್ಳುತ್ತಾರೆ. ಒಳಗೆ ಯಾರಾದರೂ ಇದ್ದರೆ ‘ಇದು ರಾಹುಲ್ ರೂಮ್ ಅಲ್ವಾ?’ ಅಂತ ಕೇಳಿ, ಸಾರಿ ಹೇಳಿ, ಪಕ್ಕದ ಬಾಗಿಲಿಗೆ ಹೋಗುತ್ತಾರೆ. ಹೆಗಲಿಗೆ ಬ್ಯಾಗು, ಕೊರಳಲ್ಲಿ ಎಂಥದೋ ಟ್ಯಾಗು. ನೋಡಿದರೆ ಇಲ್ಲಿಯವನೇ ಅನ್ನಿಸಬೇಕು.

ಇಂಥವರು ಮುಖ್ಯ ಬಾಗಿಲು ದಾಟುವುದು ಹೇಗೆ? ನಮ್ಮ ಮಕ್ಕಳೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಮುಂದೆ ಹೋಗುವವರು ಕಾರ್ಡ್ ತೋರಿಸುತ್ತಾರೆ, ಹಿಂದೆ ಬರುವವರಿಗೆ ಬಾಗಿಲು ಹಿಡಿದು ನಿಲ್ಲುತ್ತಾರೆ. ಕೈತುಂಬಾ ಡಬ್ಬಗಳಿದ್ದರಂತೂ ಕೇಳುವುದೇ ಬೇಡ. ಮುಖಕ್ಕೇ ಬಾಗಿಲು ಹಾಕಿದರೆ ಏನಂದುಕೊಳ್ಳುತ್ತಾರೋ ಅನ್ನುವ ಸಂಕೋಚ. ಹೆಣ್ಣುಮಕ್ಕಳಿಗೆ ಈ ಸಂಕೋಚ ಜಾಸ್ತಿ. ಅವರನ್ನು ನಾವು ಬೆಳೆಸಿರುವುದೇ ಹಾಗೆ. ನಾನು ಅವರಿಗೆ ಒಂದೇ ವಾಕ್ಯ ಕಲಿಸಿದ್ದೆ. ‘ನಿಮ್ಮ ಕಾರ್ಡ್ ತೋರಿಸಿ ಬನ್ನಿ, ನಮಗೆ ವಾರ್ಡನ್ ಬೈತಾರೆ.’ ತಪ್ಪನ್ನು ನನ್ನ ತಲೆಗೆ ಹಾಕಿ ಅಂದೆ. ಅದು ಚೆನ್ನಾಗಿ ಕೆಲಸ ಮಾಡಿತು. ನಿಜವಾಗಿ ಅಲ್ಲಿ ಇರುವವರು ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ಕಾರ್ಡ್ ತೆಗೆದರು. ತಡವರಿಸಿದವರು ನನ್ನ ಮೇಜಿನ ಹತ್ತಿರ ಬರಲೇ ಇಲ್ಲ. ಇನ್ನು, ಹೊರಗಿಂದ ಯಾರಾದರೂ ಹಿಂದೆಯೇ ಬರುತ್ತಿದ್ದಾರೆ ಅನ್ನಿಸಿದರೆ ನೇರ ರೂಮಿಗೆ ಹೋಗಬೇಡಿ. ಕಾವಲುಗಾರರಿರುವ ಕಡೆಗೋ ಜನ ಇರುವ ಕಡೆಗೋ ಹೋಗಿ. ನಿಮ್ಮ ರೂಮ್ ಯಾವುದು ಅಂತ ಅವರಿಗೆ ಗೊತ್ತಾಗಬಾರದು.

ಇನ್ನೊಂದು ಬಾಗಿಲಿನ ಬಗ್ಗೆ ಜನ ಯೋಚಿಸುವುದೇ ಇಲ್ಲ. ಕಾರಿಡಾರಿನ ಮಧ್ಯೆ ಇರುವ ಭಾರದ ಬಾಗಿಲು, ಬೆಂಕಿ ತಡೆಯುವುದು. ಮುಚ್ಚಿದ್ದರೆ ಅದು ಸಾಮಾನ್ಯವಾಗಿ ಅರ್ಧ ಗಂಟೆಯೋ ಒಂದು ಗಂಟೆಯೋ ಬೆಂಕಿಯನ್ನು ತಡೆದು ನಿಲ್ಲಿಸುತ್ತದೆ. ತೆರೆದಿದ್ದರೆ ಅದು ಬರೀ ಮರದ ಹಲಗೆ. ಬೆಂಕಿಗಿಂತ ಮೊದಲು ಕೊಲ್ಲುವುದು ಹೊಗೆ. ಒಮ್ಮೆ ಒಂದು ರೂಮಿನ ಸೂರಲ್ಲಿ ಹೊಗೆ ಅಲಾರಂಗೆ ಬೂದು ಬಣ್ಣದ ಕಾಲುಚೀಲ ತೊಡಿಸಿದ್ದರು, ರಬ್ಬರ್ ಬ್ಯಾಂಡ್ ಸಮೇತ. ಸ್ಪ್ರೇ ಹೊಡೆದರೆ ಕೂಗುತ್ತದಂತೆ. ಬಿಚ್ಚಿ ಕೆಳಗೆ ಇಳಿದೆ. ಅದೇ ರೂಮಿನಲ್ಲಿ ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದು ಎಕ್ಸ್‌ಟೆನ್ಶನ್ ಬೋರ್ಡು, ಅದಕ್ಕೆ ಹೀಟರ್. ಮುಟ್ಟಿದರೆ ವೈರು ಬಿಸಿ. ಬೋರ್ಡಿನ ಬೆನ್ನಲ್ಲಿ, ಅದು ತಡೆಯುವ ಕರೆಂಟು 6 ಆಂಪಿಯರ್ ಅಂತ ಬರೆದಿತ್ತು. 230 ವೋಲ್ಟಿನಲ್ಲಿ 2000 ವ್ಯಾಟಿನ ಹೀಟರ್ 8.7 ಆಂಪಿಯರ್ ಎಳೆಯುತ್ತದೆ. ಆ ರೂಮಿನವನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದುತ್ತಿದ್ದ!

ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಯನ್ನು ರಾತ್ರಿಯಿಡೀ ಕಾರಿಡಾರಿನಲ್ಲಿ ಚಾರ್ಜಿಗೆ ಇಡುವವರೂ ಇದ್ದಾರೆ. ಅದಕ್ಕೆ ಬೆಂಕಿ ಹತ್ತಿದರೆ ಓಡಿಹೋಗುವ ದಾರಿಯಲ್ಲೇ ಬೆಂಕಿ.

ಅಲಾರಂ ಕೂಗಿದಾಗ ‘ಸುಮ್ನೆ ಕೂಗ್ತಿದೆ’ ಅಂತ ಹೊದ್ದು ಮಲಗುವುದು ಎಲ್ಲ ಹಾಸ್ಟೆಲ್‌ಗಳ ರೋಗ. 2000ದ ಜನವರಿ 19ರ ಬೆಳಗಿನ ಜಾವ ನ್ಯೂಜೆರ್ಸಿಯ ಸೀಟನ್ ಹಾಲ್ ವಿಶ್ವವಿದ್ಯಾಲಯದ ಹಾಸ್ಟೆಲ್‌ನಲ್ಲಿ ಬೆಂಕಿ ಬಿದ್ದಾಗ ಎಷ್ಟೋ ಮಕ್ಕಳು ಹಾಗೇ ಮಲಗಿದ್ದರು. ಅದಕ್ಕೂ ಮೊದಲು ಸುಳ್ಳು ಅಲಾರಂ ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ಮೂವರು ಸತ್ತರು, ಐವತ್ತಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಅಲಾರಂ ಕೂಗಿದರೆ ಎದ್ದು ಅಂಗೈಯ ಹಿಂಭಾಗದಿಂದ ಬಾಗಿಲು ಮುಟ್ಟಿ ನೋಡಿ. ಬಿಸಿ ಇದ್ದರೆ ತೆಗೆಯಬೇಡಿ. ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿಂದ ಕೂಗಿ, ಫೋನ್ ಮಾಡಿ. ಬಿಸಿ ಇಲ್ಲದಿದ್ದರೆ ಹೊರಗೆ ಬಂದು ಬಾಗಿಲು ಎಳೆದುಕೊಂಡು ಮೆಟ್ಟಿಲಲ್ಲಿ ಇಳಿಯಿರಿ. ಲಿಫ್ಟ್ ಬೇಡ.

ತಪ್ಪೆಲ್ಲ ಮಕ್ಕಳದೇ ಅಂತ ನಾನು ಹೇಳುತ್ತಿಲ್ಲ. ನಮ್ಮ ಹಿಂಬಾಗಿಲಿನ ಕ್ಲೋಸರ್, ಅಂದರೆ ಬಾಗಿಲನ್ನು ತಾನಾಗಿ ಮೆತ್ತಗೆ ಮುಚ್ಚಿಸುವ ಸಾಧನ, ಕೆಟ್ಟಿತ್ತು. ಕೈಬಿಟ್ಟರೆ ಧಡಾರ್ ಅಂತ ಬಡಿಯುತ್ತಿತ್ತು, ಪಕ್ಕದ ರೂಮಿನವರಿಗೆ ನಿದ್ದೆಯಿಲ್ಲ. ಸಿಲಿಂಡರ್ ಇಡುವ ಅಭ್ಯಾಸ ಶುರುವಾದದ್ದೇ ಅಲ್ಲಿಂದ. ದೂರು ಪುಸ್ತಕದಲ್ಲಿ ನಾನೇ ಐದು ಸಲ ಬರೆದೆ. ಮೇಲಿನವರು ಅದರ ಬದಲು ‘ಬಾಗಿಲು ಮುಚ್ಚಿ’ ಅಂತ ಬೋರ್ಡ್ ಹಾಕಿಸಿದರು. ನಾಲ್ಕನೇ ತಿಂಗಳಿಗೆ ಹೊಸ ಕ್ಲೋಸರ್ ಬಂತು. ಹಾಕಲು ಮುಕ್ಕಾಲು ಗಂಟೆ ಹಿಡಿಯಿತು. ಬಾಗಿಲು ಮೆತ್ತಗೆ ಮುಚ್ಚಿಕೊಳ್ಳತೊಡಗಿದ ಮೇಲೆ ಸಿಲಿಂಡರ್ ವಾರದಲ್ಲಿ ಐದು ದಿನ ಕೊಕ್ಕೆಯಲ್ಲೇ ಇರುತ್ತಿತ್ತು. ಉಳಿದೆರಡು ದಿನ ಕಾರ್ಡ್ ಮರೆತವರದು.

ಹಾಗಾಗಿ ಈ ವರ್ಷ ಮಕ್ಕಳನ್ನು ಬಿಡಲು ಹೋಗುವವರು ರೂಮು ನೋಡಿದ ಮೇಲೆ ಆಫೀಸಿನಲ್ಲಿ ದೂರು ಪುಸ್ತಕ ಕೇಳಿ ನೋಡಿ. ಬೀಗ, ಚಿಲಕ, ಅಲಾರಂ ಬಗ್ಗೆ ಬರೆದ ದಿನ ಯಾವುದು, ಸರಿಮಾಡಿದ ದಿನ ಯಾವುದು ಅಂತ ಓದಿ. ತೋರಿಸುವುದಿಲ್ಲ ಅಂದರೆ ಯಾಕೆ ಅಂತ ಕೇಳಿ.

ಇಂತಿ,
ನಿವೃತ್ತ ರಾತ್ರಿ ಪಾಳಿ ವಾರ್ಡನ್