ಗ್ಯಾರೇಜಿನ ನೆಲದ ಬಗ್ಗೆ ಅಪ್ಪನಿಗೆ

ಮಿನಿಯಾಪೊಲಿಸ್
ಸೆಪ್ಟೆಂಬರ್ ಕೊನೆ

ಅಪ್ಪನಿಗೆ ನಮಸ್ಕಾರಗಳು,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಹೇಗಿದೆ? ಅವಳನ್ನೇ ಕೇಳಿದರೆ ಪರವಾಗಿಲ್ಲ ಅಂದುಬಿಡುತ್ತಾಳೆ, ನೀವೇ ಬರೆಯಿರಿ.

ಕಾರು ನಿಲ್ಲಿಸುವ ಜಾಗದ ನೆಲಕ್ಕೆ ಲೇಪ ಹಾಕಿಸಲು ಅಷ್ಟು ದುಡ್ಡು ಯಾಕೆ ಸುರಿಯುತ್ತಿದ್ದೀರಿ ಎಂದು ನೀವು ಕೇಳಿದಿರಿ. ಅದೇ ವಾರ ಅಣ್ಣ ಫೋನ್ ಮಾಡಿ, ಟಿಲ್ಲರ್ ನಿಲ್ಲಿಸುವ ಶೆಡ್ಡಿಗೆ ನಾನೂ ಎಪಾಕ್ಸಿ (ನೆಲಕ್ಕೆ ಹಚ್ಚಿದ ಮೇಲೆ ಗಟ್ಟಿಯಾಗುವ ಒಂದು ಲೇಪ) ಹಾಕಿಸುತ್ತೇನೆ, ಯಾವುದು ಒಳ್ಳೆಯದು ಹೇಳು ಅಂದ. ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ನಿಲ್ಲುತ್ತದೆ. ಪತ್ರ ಉದ್ದ ಆಗುತ್ತದೆ, ನಿಧಾನಕ್ಕೆ ಓದಿ.

ಮೊದಲು ಇಲ್ಲಿನ ಚಳಿಗಾಲದ ವಿಷಯ. ನೀವು ಬಂದಿದ್ದು ಜೂನ್‌ನಲ್ಲಿ, ಆಗ ಇಲ್ಲಿ ಎಲ್ಲ ಹಸಿರು. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಥೆಯೇ ಬೇರೆ. ಜನವರಿಯಲ್ಲಿ ಮೈನಸ್ 20, 25 ಡಿಗ್ರಿಗೆ ಇಳಿಯುವ ರಾತ್ರಿಗಳಿರುತ್ತವೆ. ಒಂದು ಚಳಿಗಾಲಕ್ಕೆ ಸುಮಾರು 50 ಇಂಚು ಹಿಮ ಬೀಳುತ್ತದೆ. ರಸ್ತೆಯಲ್ಲಿ ಗಾಡಿ ಜಾರಬಾರದು ಎಂದು ಉಪ್ಪು ಹಾಕುತ್ತಾರೆ. ನಾವು ಅಡುಗೆಗೆ ಹಾಕುವ ಉಪ್ಪೇ, ಸೋಡಿಯಂ ಕ್ಲೋರೈಡ್. ಆದರೆ ಮೈನಸ್ 9 ಡಿಗ್ರಿಗಿಂತ ಕೆಳಗೆ ಹೋದರೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬಳಸುತ್ತಾರೆ.

ಈ ಉಪ್ಪೆಲ್ಲ ಹಿಮದ ಕೆಸರಿನ ಜೊತೆ ಕಾರಿನ ಅಡಿಗೆ, ಚಕ್ರದ ಸಂದಿಗೆ ಅಂಟಿಕೊಂಡು ಸೀದಾ ನಮ್ಮ ಗ್ಯಾರೇಜಿಗೆ ಬರುತ್ತದೆ. ಗ್ಯಾರೇಜು ಮನೆಗೆ ಅಂಟಿಕೊಂಡೇ ಇರುವುದರಿಂದ ಒಳಗೆ ಸ್ವಲ್ಪ ಬೆಚ್ಚಗಿರುತ್ತದೆ. ಕೆಸರು ಅಲ್ಲೇ ಕರಗಿ ಚಕ್ರದ ಸುತ್ತ ನೀರು ನಿಲ್ಲುತ್ತದೆ. ಬೆಳಿಗ್ಗೆ ನೋಡಿದರೆ ನೀರು ಆರಿ ಬಿಳಿ ಗೆರೆ ಮಾತ್ರ ಉಳಿದಿರುತ್ತದೆ. ಆದರೆ ನೀರೆಲ್ಲ ಆವಿಯಾಗಿ ಹೋಯಿತು ಅಂದುಕೊಳ್ಳಬೇಡಿ, ಒಂದಷ್ಟು ಕಾಂಕ್ರೀಟಿನೊಳಗೆ ಇಳಿದಿರುತ್ತದೆ. ಕಣ್ಣಿಗೆ ಎಷ್ಟೇ ಗಟ್ಟಿ ಕಂಡರೂ ಕಾಂಕ್ರೀಟಿನ ತುಂಬ ಸಣ್ಣ ಸಣ್ಣ ತೂತು ಅಲ್ವಾ. ಒಳಗೆ ಹೋದ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇಕಡಾ 9ರಷ್ಟು ಉಬ್ಬುತ್ತದೆ. ಜಾಗ ಇಲ್ಲದಿದ್ದರೆ ಕಾಂಕ್ರೀಟನ್ನೇ ಒಡೆಯುತ್ತದೆ. ಮತ್ತೆ ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಉಪ್ಪು ಇದ್ದರೆ ಕಾಂಕ್ರೀಟ್ ಬೇಗ ಆರುವುದೂ ಇಲ್ಲ, ಸದಾ ನೆನೆದೇ ಇರುತ್ತದೆ, ಅದಕ್ಕೇ ಹಾನಿ ಜಾಸ್ತಿ. ಮೇಲಿನ ಪದರ ಹಕ್ಕಳೆ ಹಕ್ಕಳೆಯಾಗಿ ಏಳುತ್ತದೆ, ಕೆಳಗಿನ ಜಲ್ಲಿ ಕಾಣಿಸುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಒಂದು ಹೆಜ್ಜೆ ಮುಂದೆ. ಅದು ಸಿಮೆಂಟಿನೊಳಗಿನ ಸುಣ್ಣದ ಅಂಶದ ಜೊತೆ ಸೇರಿ ಹೊಸ ಹರಳು ಕಟ್ಟುತ್ತದೆ, ಅದಕ್ಕೆ ನೀರು ಹೆಪ್ಪುಗಟ್ಟಲೇಬೇಕು ಎಂದೂ ಇಲ್ಲ.

ಹೊರಗಿನ ರಸ್ತೆ, ಕಾಲುದಾರಿಯ ಕಾಂಕ್ರೀಟಿಗೆ ಇಲ್ಲಿ ಬೇಕೆಂದೇ ಸಣ್ಣ ಗಾಳಿಗುಳ್ಳೆ ಬರುವ ಹಾಗೆ ಮದ್ದು ಬೆರೆಸುತ್ತಾರೆ. ನೀರು ಉಬ್ಬಿದಾಗ ಹೋಗಲು ಜಾಗ ಸಿಗಲಿ ಎಂದು. ಮನೆಯೊಳಗಿನ ಚಪ್ಪಡಿಗೆ ಎಷ್ಟೋ ಸಲ ಅದು ಇರುವುದಿಲ್ಲ. ಉಪ್ಪುನೀರು ಮಾತ್ರ ಒಳಗೂ ಬಂದೇ ಬರುತ್ತದೆ. ಹಾಗಾಗಿ ಇದು ಅಂದ ನೋಡಿ ಮಾಡಿಸುವ ಕೆಲಸ ಅಲ್ಲ ಅಪ್ಪ. ಈಗ ಬಿಟ್ಟರೆ ಮುಂದೆ ಚಪ್ಪಡಿಯನ್ನೇ ಒಡೆದು ಹೊಸದು ಹಾಕಿಸಬೇಕಾಗುತ್ತದೆ, ಆ ಖರ್ಚು ಇದರ ಎರಡು ಮೂರು ಪಟ್ಟು ಆದರೂ ಆಶ್ಚರ್ಯ ಇಲ್ಲ.

ಈಗ ಲೇಪದ ವಿಷಯ. ನಾವು ಈ ಮನೆ ತೆಗೆದುಕೊಂಡಾಗಲೇ ನೆಲಕ್ಕೆ ಬೂದು ಬಣ್ಣದ ಪೇಂಟ್ ಇತ್ತು. ಚಕ್ರ ನಿಲ್ಲುವ ನಾಲ್ಕು ಜಾಗದಲ್ಲೂ ಎದ್ದುಹೋಗಿತ್ತು. ಬಂದವರೆಲ್ಲ ಅಗ್ಗದ ಪೇಂಟ್ ಹಾಕಿದ್ದಾರೆ ಅಂದರು. ನಾನು ಎದ್ದ ಒಂದು ಚೂರನ್ನು ಚಾಕುವಿನಿಂದ ಬಿಡಿಸಿ ತಿರುಗಿಸಿ ನೋಡಿದೆ. ಹಿಂಭಾಗ ನುಣ್ಣಗೆ ಹೊಳೆಯುತ್ತಿತ್ತು, ಒಂದು ಚಿಟಿಕೆ ಸಿಮೆಂಟೂ ಅಂಟಿಕೊಂಡಿರಲಿಲ್ಲ. ಗೋಡೆ ಪಕ್ಕದಲ್ಲಿ ಇನ್ನೊಂದು ಚೂರು ತೆಗೆದರೆ ಅದರ ಬೆನ್ನ ಮೇಲೆ ತೆಳ್ಳಗೆ ಬೂದು ಪುಡಿ ಇತ್ತು. ಎರಡಕ್ಕೂ ಅರ್ಥ ಬೇರೆ. ನುಣ್ಣಗಿದ್ದರೆ ಪೇಂಟು ನೆಲವನ್ನು ಹಿಡಿದುಕೊಂಡೇ ಇರಲಿಲ್ಲ ಎಂದು. ಪುಡಿ ಇದ್ದರೆ ಪೇಂಟು ಹಿಡಿದಿತ್ತು, ಆದರೆ ಹಿಡಿದಿದ್ದು ಮೇಲಿನ ಸಡಿಲ ಸಿಮೆಂಟಿನ ಪೊರೆಯನ್ನು, ಆ ಪೊರೆಯೇ ಕಿತ್ತು ಬಂತು. ಎರಡರಲ್ಲೂ ಕಾಂಕ್ರೀಟನ್ನು ಉಜ್ಜಿ ತಯಾರು ಮಾಡಿರಲಿಲ್ಲ. ಡಬ್ಬದ ಮೇಲೆ ಏನು ಬರೆದಿತ್ತು ಅನ್ನುವುದು ಆಮೇಲಿನ ಮಾತು.

ಅಪ್ಪ, ನಮ್ಮ ಜಗುಲಿಯ ರೆಡ್ ಆಕ್ಸೈಡ್ ನೆಲ ನೆನಪಿಸಿಕೊಳ್ಳಿ. ಸಿಮೆಂಟ್ ಹಸಿ ಇರುವಾಗಲೇ ಬಣ್ಣ ಸೇರಿಸಿ ಕರಣೆಯಲ್ಲಿ ತಿಕ್ಕಿದ್ದು, ನೆಲವೂ ಬಣ್ಣವೂ ಒಂದೇ ಮೈ. ಇಲ್ಲಿ ಮಾಡುವುದು ಹಾಗಲ್ಲ. ಒಣಗಿ ಎಷ್ಟೋ ವರ್ಷವಾದ ನೆಲದ ಮೇಲೆ ಇನ್ನೊಂದು ಪದರ ಕೂರಿಸುವುದು. ಅದು ಹಿಡಿಯಬೇಕಾದರೆ ಕಾಂಕ್ರೀಟಿನ ಬಾಯಿ ತೆರೆದಿರಬೇಕು.

ಅದಕ್ಕೆ ವಜ್ರದ ಹರಳು ಕೂರಿಸಿದ ಗ್ರೈಂಡಿಂಗ್ ಮೆಷಿನ್ ಬರುತ್ತದೆ. ನೆಲವನ್ನು ಪೂರ್ತಿ ಉಜ್ಜಿ ಹಳೆ ಪೇಂಟು, ಎಣ್ಣೆ ಕಲೆ, ಮೇಲಿನ ಪೊರೆ ಎಲ್ಲ ತೆಗೆಯುತ್ತಾರೆ. ಕೈ ಸವರಿದರೆ ಉಜ್ಜುಗಾಗದದ ಹಾಗೆ ತರಿತರಿ ಇರಬೇಕು. ಅಂಗಡಿಯಲ್ಲಿ ಸಿಗುವ ಕಿಟ್‌ಗಳಲ್ಲಿ ಆಸಿಡ್ ಪುಡಿ ಕೊಡುತ್ತಾರೆ, ನೀರಲ್ಲಿ ಕಲಸಿ ತೊಳೆದರೆ ಸಾಕು ಅನ್ನುತ್ತಾರೆ. ಆಸಿಡ್ ಎಲ್ಲ ಕಡೆ ಸಮವಾಗಿ ಕೆಲಸ ಮಾಡುವುದಿಲ್ಲ. ಎಣ್ಣೆ, ಹಳೆ ಪೇಂಟು ಇದ್ದ ಕಡೆ ಹತ್ತುವುದೇ ಇಲ್ಲ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಉಜ್ಜಿದ ಮೇಲೆ ನೋಡುವುದು ಸುಲಭ, ಅಲ್ಲಲ್ಲಿ ಒಂದೊಂದು ಹನಿ ನೀರು ಹಾಕಿ. ಹನಿ ಬೇಗ ಹೀರಿಕೊಂಡರೆ ಸರಿ. ಕೆಸುವಿನ ಎಲೆ ಮೇಲೆ ನಿಂತ ಹಾಗೆ ಗುಂಡಗೆ ನಿಂತರೆ ಅಲ್ಲಿ ಇನ್ನೂ ಎಣ್ಣೆ ಇದೆ ಎಂದೇ ಲೆಕ್ಕ. ಹಾಂ, ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಮೆಷಿನ್ನಿಗೆ ಧೂಳು ಹೀರುವ ವ್ಯಾಕ್ಯೂಮ್ ಜೋಡಿಸಿರಲೇಬೇಕು, ಮುಖಕ್ಕೆ ಒಳ್ಳೆಯ ಮಾಸ್ಕ್ ಇರಬೇಕು. ಅಣ್ಣ ಟವೆಲ್ ಕಟ್ಟಿಕೊಂಡು ನಿಲ್ಲುತ್ತಾನೆ, ನೀವು ಬಿಡಬೇಡಿ.

ಎರಡನೇ ಪರೀಕ್ಷೆ ತೇವದ್ದು. ನೆಲದ ಅಡಿಯಿಂದ ತೇವ ಏರುತ್ತಿದ್ದರೆ ಮೇಲೆ ಏನು ಹಾಕಿದರೂ ಗುಳ್ಳೆ ಬಂದು ಎದ್ದುಹೋಗುತ್ತದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಗಾಳಿಯಾಡದಂತೆ ಟೇಪ್ ಹಾಕಿ ನೆಲಕ್ಕೆ ಅಂಟಿಸಬೇಕು, ಕಡಿಮೆ ಅಂದರೆ 16 ಗಂಟೆ ಬಿಡಬೇಕು. ತೆಗೆದು ನೋಡಿದಾಗ ಹಾಳೆಯ ಒಳಮೈಗೆ ಹನಿ ಕೂತಿದ್ದರೆ ಅಥವಾ ಆ ಜಾಗದ ನೆಲ ಕಪ್ಪಾಗಿದ್ದರೆ ತೇವ ಇದೆ. ನಮ್ಮಲ್ಲಿ ಬಾಗಿಲ ಹತ್ತಿರ ಒಣಗಿತ್ತು, ಹಿಂದಿನ ಗೋಡೆ ಪಕ್ಕ ಮಾತ್ರ ಸ್ವಲ್ಪ ಬಣ್ಣ ಬದಲಾಗಿತ್ತು. ಕೊಟೇಶನ್ ಕೊಟ್ಟ ಒಂದು ಕಂಪನಿ ಜೀವಮಾನದ ಗ್ಯಾರಂಟಿ ಕೊಡುತ್ತೇವೆ ಎಂದು ಹೇಳಿತ್ತು. ಕಾಗದ ಓದಿದರೆ, ಅಡಿಯಿಂದ ಬರುವ ತೇವದಿಂದ ಹಾಳಾದರೆ ಗ್ಯಾರಂಟಿ ಇಲ್ಲ ಎಂದು ಕೊನೆಯಲ್ಲಿ ಇತ್ತು. ಆದರೂ ಅವರು ತೇವ ನೋಡಲೇ ಇಲ್ಲ. ಅವರನ್ನು ಬಿಟ್ಟೆವು.

ಇಷ್ಟಾದ ಮೇಲೆ ಯಾವ ಲೇಪ ಅನ್ನುವ ಮಾತು. ಇಲ್ಲಿ ಮುಖ್ಯವಾಗಿ ಎರಡು, ಎಪಾಕ್ಸಿ ಮತ್ತು ಪಾಲಿಯಾಸ್ಪಾರ್ಟಿಕ್. ಎಪಾಕ್ಸಿ ಗಟ್ಟಿ, ದಪ್ಪಗೆ ಕೂರುತ್ತದೆ, ನಿಧಾನವಾಗಿ ಗಟ್ಟಿಯಾಗುವುದರಿಂದ ಕಾಂಕ್ರೀಟಿನ ತೂತಿಗೆ ಇಳಿಯಲು ಸಮಯ ಸಿಗುತ್ತದೆ, ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಆದರೆ ಬಿಸಿಲು ಬಿದ್ದ ಕಡೆ ಹಳದಿಯಾಗುತ್ತದೆ. ಚಳಿಯಲ್ಲಿ ಹಾಕಲು ಬರುವುದಿಲ್ಲ, ಸಾಮಾನ್ಯವಾಗಿ ನೆಲ 10 ಡಿಗ್ರಿಗಿಂತ ಮೇಲಿರಬೇಕು. ಕಾರು ನಿಲ್ಲಿಸಲು ಕೆಲವು ದಿನ ಕಾಯಬೇಕು. ಎಪಾಕ್ಸಿಯಲ್ಲೂ ಒಂದೇ ತರಹ ಇಲ್ಲ. ನೀರು ಬೆರೆಸಿದ ಅಗ್ಗದ ಕಿಟ್ ಒಣಗಿದ ಮೇಲೆ ಅರ್ಧಕ್ಕರ್ಧ ಆವಿಯಾಗಿ ತೆಳ್ಳಗೆ ಉಳಿಯುತ್ತದೆ. ಪೂರ್ತಿ ಗಟ್ಟಿ ಅಂಶ ಇರುವ ಎಪಾಕ್ಸಿ ಹಚ್ಚಿದಷ್ಟೂ ಉಳಿಯುತ್ತದೆ. ಮೇಲೆ ಬರೆದ ಚಕ್ರದ ಜಾಗದ ತೊಂದರೆ ತೆಳು ಲೇಪಕ್ಕೇ ಜಾಸ್ತಿ. ಓಡಿ ಬಂದ ಬಿಸಿ ಟೈರು ಅದನ್ನು ಮೆತ್ತಗೆ ಮಾಡುತ್ತದೆ, ತಣ್ಣಗಾಗುವಾಗ ಟೈರಿನ ರಬ್ಬರು ಕುಗ್ಗಿ ಲೇಪವನ್ನು ಎಳೆಯುತ್ತದೆ.

ಪಾಲಿಯಾಸ್ಪಾರ್ಟಿಕ್ ಬಿಸಿಲಿಗೆ ಹಳದಿಯಾಗುವುದಿಲ್ಲ, ಸ್ವಲ್ಪ ಬಾಗುವ ಗುಣ ಇದೆ, ಉಪ್ಪಿಗೂ ಉಜ್ಜಾಟಕ್ಕೂ ತಡೆಯುತ್ತದೆ. ಚಳಿಯಲ್ಲೂ ಹಾಕಬಹುದು. ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ, ಮಾರನೇ ದಿನ ಕಾರು ನಿಲ್ಲಿಸಬಹುದು ಅನ್ನುತ್ತಾರೆ. ಆ ವೇಗವೇ ಅದರ ತೊಂದರೆ ಕೂಡ. ಕಲಸಿದ ಮೇಲೆ ಕೈಯಲ್ಲಿ ಸಮಯ ಇರುವುದಿಲ್ಲ, ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಹೊಸಬರು ಕೈ ಹಾಕುವ ಕೆಲಸ ಅಲ್ಲ. ಒಂದೇ ದಿನದಲ್ಲಿ ಎಲ್ಲ ಮುಗಿಸಿಕೊಡುತ್ತೇವೆ ಅನ್ನುವವರು ಕೆಳಗಿನ ಪದರಕ್ಕೂ ಬೇಗ ಗಟ್ಟಿಯಾಗುವ ಸಾಮಾನೇ ಬಳಸುತ್ತಾರೆ. ಚೆನ್ನಾಗಿ ಉಜ್ಜಿದ ಒಣ ನೆಲದಲ್ಲಿ ಅದೂ ನಿಲ್ಲುತ್ತದೆ. ನಮ್ಮ ಹಿಂದಿನ ಗೋಡೆಯ ತೇವ ನೋಡಿದ ಮೇಲೆ ನನಗೆ ಮಾತ್ರ ಧೈರ್ಯ ಬರಲಿಲ್ಲ.

ಹಾಗಾಗಿ ಎರಡನ್ನೂ ಸೇರಿಸಿ ಮಾಡಿಸಿದೆವು. ಮೊದಲು ಬಿರುಕುಗಳನ್ನು ಅಗೆದು ತುಂಬಿದರು. ಕೆಳಗೆ ತೇವ ತಡೆಯುವ ಎಪಾಕ್ಸಿ. ಅದು ಹಸಿ ಇರುವಾಗಲೇ ಅದರ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ಚೂರುಗಳನ್ನು, ಇಲ್ಲಿ ಫ್ಲೇಕ್ಸ್ ಅನ್ನುತ್ತಾರೆ, ನೆಲ ಕಾಣದಷ್ಟು ಒತ್ತಾಗಿ ಎರಚಿದರು. ಮಾರನೇ ದಿನ ಸಡಿಲ ಇದ್ದದ್ದನ್ನು ಕೆರೆದು ಗುಡಿಸಿ, ಮೇಲೆ ಪಾಲಿಯಾಸ್ಪಾರ್ಟಿಕ್ ಎಳೆದರು. ಬಿಸಿಲು ಬೀಳುವುದು, ಉಪ್ಪುನೀರು ನಿಲ್ಲುವುದು ಮೇಲಿನ ಪದರದ ಮೇಲೆ ತಾನೇ, ಅಲ್ಲಿ ಅದೇ ಸರಿ. ಆ ಕೊನೆಯ ಪದರದಲ್ಲಿ ಸಣ್ಣ ಅಲ್ಯೂಮಿನಿಯಂ ಆಕ್ಸೈಡ್ ತರಿ ಸೇರಿಸಲು ನಾನೇ ಹಟ ಹಿಡಿದು ಹೇಳಿದೆ. ಹೊಳೆಯುವ ನೆಲ ನೋಡಲು ಚೆಂದ, ಆದರೆ ಹಿಮ ಅಂಟಿದ ಬೂಟಿನಲ್ಲಿ ಕಾಲಿಟ್ಟರೆ ಜಾರುತ್ತದೆ. ಅಮ್ಮ ಬಂದಾಗ ಅಡುಗೆಮನೆಗೆ ಹೋಗುವುದು ಅದೇ ದಾರಿ, ಅವಳ ಮಂಡಿ ನೆನೆದೇ ಅದನ್ನು ಹಾಕಿಸಿದ್ದು. ಲೇಪ ಹಚ್ಚುವಾಗ ವಾಸನೆ ಘಾಟು, ಅದು ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್ ಉಸಿರಿಗೆ ಒಳ್ಳೆಯದಲ್ಲ. ಪುಟ್ಟಿಯನ್ನು ಆ ದಿನಗಳಲ್ಲಿ ಸ್ನೇಹಿತರ ಮನೆಯಲ್ಲಿ ಬಿಟ್ಟಿದ್ದೆವು.

ಖರ್ಚು ಚದರ ಅಡಿಗೆ 7 ಡಾಲರ್ ಹತ್ತಿರ ಬಂತು. ನಮ್ಮ ಯಜಮಾನರು ಮೊದಲು ಬೇಡ ಅಂದಿದ್ದರು. ಕಡಿಮೆ ಖರ್ಚಿನ ದಾರಿ ಇಲ್ಲ ಎಂದಲ್ಲ. ಸಿಲೇನ್ ಎಂಬ ದ್ರವ ಬರುತ್ತದೆ, ಕಾಂಕ್ರೀಟಿಗೆ ಹೀರಿಕೊಂಡು ಒಳಗಿನಿಂದಲೇ ನೀರು ತಡೆಯುತ್ತದೆ, ಮೇಲೆ ಪದರವೇ ಇರುವುದಿಲ್ಲ, ಹಾಗಾಗಿ ಏಳುವ ಪ್ರಶ್ನೆ ಇಲ್ಲ. ಕೆಲವು ವರ್ಷಕ್ಕೊಮ್ಮೆ ಮತ್ತೆ ಹಾಕಬೇಕು. ನಮ್ಮ ನೆಲ ಇನ್ನೂ ಕೆಡದೆ ಇದ್ದಿದ್ದರೆ ನಾನು ಅದನ್ನೇ ಹಾಕಿಸುತ್ತಿದ್ದೆ. ಹಳೆ ಪೇಂಟು, ಬಿರುಕು ಇದ್ದ ನೆಲಕ್ಕೆ ಅದು ಸಾಲದು.

ಲೇಪ ಆದ ಮೇಲೂ ಉಪ್ಪುನೀರು ನಿಲ್ಲಲು ಬಿಡುವುದಿಲ್ಲ. ರಬ್ಬರ್ ವೈಪರ್ ಬಾಗಿಲ ಪಕ್ಕವೇ ಇಟ್ಟಿದ್ದೇನೆ. ಮನೆ ಮುಂದಿನ ದಾರಿಗೆ ನಾವು ಹಾಕುವ ಉಪ್ಪನ್ನೂ ಕಡಿಮೆ ಮಾಡಿದ್ದೇವೆ. ಒಂದು ಟೀ ಚಮಚ ಉಪ್ಪು 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರು ಕೆಡಿಸಲು ಸಾಕು ಎಂದು ಇಲ್ಲಿನ ರಾಜ್ಯದ ಮಾಲಿನ್ಯ ನಿಯಂತ್ರಣ ಇಲಾಖೆ ಜನರಿಗೆ ಹೇಳುತ್ತಲೇ ಇರುತ್ತದೆ. ಇಷ್ಟೊಂದು ಕೆರೆ ಇರುವ ಊರು ಇದು, ಹಿಮದ ಜೊತೆ ಹರಿದ ಉಪ್ಪೆಲ್ಲ ಅಲ್ಲಿಗೇ ಹೋಗುತ್ತದೆ.

ಇನ್ನು ಅಣ್ಣನ ಶೆಡ್ಡು. ಅಣ್ಣಾ, ತೀರ್ಥಹಳ್ಳಿಯಲ್ಲಿ ಹಿಮ ಇಲ್ಲ, ಉಪ್ಪು ಇಲ್ಲ. ಪಾಲಿಯಾಸ್ಪಾರ್ಟಿಕ್‌ಗೆ ನೀನು ದುಡ್ಡು ಹಾಕಬೇಡ. ನಿನಗೆ ಶತ್ರು ಅಡಿಯ ತೇವ. ಆ ಮಳೆಯಲ್ಲಿ ನೆಲ ತಿಂಗಳುಗಟ್ಟಲೆ ನೆನೆದಿರುತ್ತದೆ. ಮಳೆ ಪೂರ್ತಿ ನಿಲ್ಲುವ ಮೊದಲೇ ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡು, ಬೇಸಿಗೆಯಲ್ಲಿ ನೋಡಿದರೆ ಒಣಗಿದ ಹಾಗೇ ಕಾಣುತ್ತದೆ. ಎರಡು ಮೂರು ಕಡೆ ಹಾಕು, ಗೋಡೆ ಪಕ್ಕ ಒಂದು ಇರಲಿ. ಹನಿ ಬಂದರೆ ಎಪಾಕ್ಸಿ ಆಸೆ ಬಿಡು, ಎಷ್ಟು ದುಬಾರಿಯದು ಹಾಕಿದರೂ ಎರಡು ಮಳೆಗಾಲ ಕಾಣುವುದು ಕಷ್ಟ. ಆಗ ಶಹಾಬಾದ್ ಕಲ್ಲು ಹಾಸುವುದೇ ಒಳ್ಳೆಯದು, ಟಿಲ್ಲರಿನ ಭಾರಕ್ಕೆ ದಪ್ಪದ್ದು ನೋಡಿ ತೆಗೆದುಕೋ. ಒಣಗಿದ್ದರೆ ಎಪಾಕ್ಸಿ ಸಾಕು. ಆದರೆ ಉಜ್ಜುವ ಮೆಷಿನ್ ತರುವವನಿಗೇ ಕೆಲಸ ಕೊಡು. ಬರೀ ಗುಡಿಸಿ ಬಳಿಯುತ್ತೇನೆ ಅನ್ನುವವನು ಅರ್ಧ ರೇಟಿಗೆ ಬಂದರೂ ಬೇಡ.

ಅಪ್ಪ, ಆ ಶೆಡ್ಡಿನ ನೆಲ ಹಾಕಿಸಿದ್ದು ನೀವೇ. ಕಾಂಕ್ರೀಟಿನ ಅಡಿಗೆ ಜಲ್ಲಿ ಮಾತ್ರ ಹಾಕಿದ್ದರೋ, ಪ್ಲಾಸ್ಟಿಕ್ ಹಾಸಿದ್ದರೋ, ನೆನಪಿದ್ದರೆ ಅಣ್ಣನಿಗೆ ಹೇಳಿ. ಹಾಳೆ ತೆಗೆದಾಗ ಅವನು ಒಂದು ಫೋಟೊ ಕಳಿಸಲಿ, ಕೊಟೇಶನ್ ಆಮೇಲೆ ನೋಡೋಣ. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡುವುದು ಬೇಡ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು