ಇಮ್ಯುನಿಟಿ ಆಫ್ ಮಾಡೋರು ಯಾರು?

ಸಂಪಾದಕರೇ,

ಇಮ್ಯುನಿಟಿ ಹೆಚ್ಚಿಸಿಕೊಳ್ಳಿ ಅಂತ ಪತ್ರಿಕೆಗಳಲ್ಲಿ ಪದೇ ಪದೇ ಬರ್ತಾನೇ ಇರತ್ತೆ, ಆದ್ರೆ ಅದನ್ನ ಆಫ್ ಮಾಡೋರು ಯಾರು ಅಂತ ಬರೆಯೋರು ಕಮ್ಮಿ. ಡಿಎನ್‌ಎಗೆ ಅಂಟಿಕೊಂಡು ಯಾವ ಜೀನ್ ಕೆಲಸ ಮಾಡ್ಬೇಕು, ಯಾವುದು ಸುಮ್ನಿರ್ಬೇಕು ಅಂತ ನೋಡ್ಕೊಳ್ಳೋ ಪ್ರೋಟೀನ್‌ಗಳಿವೆ. ಎನ್‌ಎಫ್ ಕಪ್ಪಾ ಬಿ ಅಂತ ಒಂದು (ಹೆಸರು ಕೇಳಿ ಹೆದರ್ಬೇಡಿ), 1986ರಲ್ಲಿ ರಂಜನ್ ಸೇನ್ ಮತ್ತೆ ಡೇವಿಡ್ ಬಾಲ್ಟಿಮೋರ್ ಕಂಡುಹಿಡಿದಿದ್ದು. ಮಾಮೂಲಿ ಟೈಮಲ್ಲಿ ಇದನ್ನ ಐ ಕಪ್ಪಾ ಬಿ ಅನ್ನೋ ಇನ್ನೊಂದು ಪ್ರೋಟೀನ್ ನ್ಯೂಕ್ಲಿಯಸ್ ಹೊರಗಡೆನೇ ಹಿಡ್ಕೊಂಡಿರತ್ತೆ, ಬ್ಯಾಕ್ಟೀರಿಯಾನೋ ವೈರಸ್ಸೋ ಬಂದ ಸುದ್ದಿ ಮುಟ್ಟಿದ ತಕ್ಷಣ ಆ ಕಾವಲುಗಾರನನ್ನ ಜೀವಕೋಶವೇ ಒಡೆದು ಹಾಕತ್ತೆ, ಆಗ ಇದು ಒಳಗೆ ನುಗ್ಗಿ ಡಿಎನ್‌ಎ ಮೇಲೆ ಸುಮಾರು 10 ಅಕ್ಷರದಷ್ಟು ಉದ್ದದ ತನ್ನ ಜಾಗ ಹುಡ್ಕೊಂಡು ಕೂತು ಉರಿಯೂತದ ಜೀನ್‌ಗಳನ್ನ ಆನ್ ಮಾಡತ್ತೆ. ಮಜಾ ಏನಂದ್ರೆ ಹಾಗೆ ಆನ್ ಆಗೋದ್ರಲ್ಲಿ ಐ ಕಪ್ಪಾ ಬಿ ಜೀನೂ ಒಂದು, ಅಂದ್ರೆ ತನ್ನನ್ನ ಕಟ್ಟಿಹಾಕೋ ಹಗ್ಗಾನ ತಾನೇ ಹೊಸೆಯತ್ತೆ!

ಫಾಕ್ಸ್‌ಪಿ3 ಅನ್ನೋದು ಇನ್ನೊಂದು, ಇಮ್ಯುನಿಟಿಗೆ ಬ್ರೇಕ್ ಹಾಕೋ ಟಿ ಕೋಶಗಳಿಗೆ (ಇವು ಒಂದು ಬಗೆಯ ಬಿಳಿ ರಕ್ತಕಣ) ಇದೇ ಬೇಕು. ಇದರ ಜೀನ್ ಕೆಟ್ಟು ಹುಟ್ಟಿದ ಗಂಡುಮಕ್ಕಳಿಗೆ ಚಿಕ್ಕ ವಯಸ್ಸಲ್ಲೇ ಡಯಾಬಿಟಿಸ್, ನಿಲ್ಲದ ಭೇದಿ, ಚರ್ಮದ ಕಾಯಿಲೆ ಎಲ್ಲಾ ಒಟ್ಟಿಗೆ ಬರಬಹುದು, ಅವರ ಇಮ್ಯುನಿಟಿ ಕಮ್ಮಿಯಾಗಿ ಅಲ್ಲ, ಅದು ಅವರ ಮೈಮೇಲೇ ಬಿದ್ದು. ಡಾಕ್ಟರ್ ಕೊಡೋ ಸ್ಟೆರಾಯ್ಡ್ ಕೂಡ ಜೀವಕೋಶದೊಳಗಿನ ಇಂಥದ್ದೇ ಒಂದು ಪ್ರೋಟೀನಿಗೆ ಸೇರ್ಕೊಂಡು ಎನ್‌ಎಫ್ ಕಪ್ಪಾ ಬಿ ಕೆಲಸಕ್ಕೆ ಅಡ್ಡ ಹಾಕತ್ತೆ.

ಮುಂದಿನ ಸಲ ‘ಇಮ್ಯುನಿಟಿ ಬೂಸ್ಟ್’ ಅಂತ ಹೆಡ್ಡಿಂಗ್ ಹಾಕೋವಾಗ ಈ ಬ್ರೇಕ್ ಬಗ್ಗೆನೂ ಎರಡು ಸಾಲು ಹಾಕಿ ಸಾರ್.

ಇಂತಿ,
ನಿಮ್ಮ ಓದುಗ