ಮಗಳಿಗೊಂದು ಪತ್ರ: ಸಹಿ ಹಾಕುವ ಮುಂಚೆ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ, ಆ ವಿದೇಶಿ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಕಾಂಟ್ರಾಕ್ಟ್ ಪೂರ್ತಿ ಓದಿದೆ. "ಸುಮ್ನೆ ಒಂದ್ಸಲ ನೋಡಮ್ಮಾ, ನಾಳೆ ಸಹಿ ಹಾಕ್ತೀನಿ" ಅಂತ ಬರೆದಿದ್ದೀಯ. ನಾಳೆ ಬೇಡ, ಇನ್ನೊಂದು ವಾರ ತಡಿ. ಅವರಿಗೆ ನೀನು ನಿಜವಾಗಿ ಬೇಕಿದ್ದರೆ ಒಂದು ವಾರಕ್ಕೆಲ್ಲ ಮನಸ್ಸು ಬದಲಾಯಿಸುವುದಿಲ್ಲ.

ಆಟದ ವಿಷಯ ನಿನ್ನ ಅಪ್ಪನಿಗೆ ಬಿಟ್ಟಿದ್ದೇನೆ. ಪಿಕ್ ಅಂಡ್ ರೋಲ್ ಅಂದರೆ ಏನು ಅಂತ ಅವರು ಎಷ್ಟು ಸಲ ವಿವರಿಸಿದರೂ ನನ್ನ ತಲೆಗೆ ಹತ್ತಿಲ್ಲ. ಆದರೆ ಲೆಕ್ಕಪತ್ರದ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳು ನಾನು. ಯಾರು ಯಾರಿಗೆ, ಯಾವ ತಾರೀಖಿಗೆ, ಎಷ್ಟು ಕೊಡಬೇಕು ಅನ್ನುವುದು ಕಾಗದದಲ್ಲಿ ಇಲ್ಲದಿದ್ದರೆ ನನ್ನ ಕಣ್ಣಿಗೆ ತಕ್ಷಣ ಬೀಳುತ್ತದೆ. ನಿನ್ನ ಕಾಂಟ್ರಾಕ್ಟಿನಲ್ಲಿ ಅಂಥದ್ದು ಬೇಕಾದಷ್ಟಿದೆ.

ಮೊದಲು ವೈದ್ಯಕೀಯ ಪರೀಕ್ಷೆ. ಅದರಲ್ಲಿ ಪಾಸಾದ ಮೇಲೆ ಕಾಂಟ್ರಾಕ್ಟ್ ಜಾರಿಗೆ ಬರುತ್ತದೆ ಅಂತ ಬರೆದಿದ್ದಾರೆ. ಸರಿ, ಪರೀಕ್ಷೆ ಯಾವತ್ತು? ಅದನ್ನು ಬರೆದಿಲ್ಲ. ಸ್ವಲ್ಪ ಯೋಚನೆ ಮಾಡು. ನೀನು ಹೋಗಿ ಇಳಿದ ಮಾರನೇ ದಿನವೇ ಪ್ರಾಕ್ಟೀಸ್ ಶುರುವಾಗುತ್ತದೆ. ಎರಡು ವಾರ ಕೋಚ್ ನಿನ್ನ ಆಟ ನೋಡುತ್ತಾರೆ. ಹಿಡಿಸಲಿಲ್ಲ ಅಂದರೆ ಆಗ ಡಾಕ್ಟರ್ ಹತ್ತಿರ ಕಳಿಸಿ, ನಿನ್ನ ಹಳೇ ಮೊಣಕಾಲಿನ ಸ್ಕ್ಯಾನ್ ಮುಂದಿಟ್ಟು, "ಪಾಸಾಗಲಿಲ್ಲ" ಅಂದುಬಿಟ್ಟರೆ? ಸಂಬಳವೂ ಇಲ್ಲ, ಕಾಂಟ್ರಾಕ್ಟೂ ಇಲ್ಲ. ಅಷ್ಟರೊಳಗೆ ಬೇರೆ ಕ್ಲಬ್ಬುಗಳಲ್ಲಿ ವಿದೇಶಿಯರ ಜಾಗ ಭರ್ತಿಯಾಗಿರುತ್ತದೆ. ಅದಕ್ಕೇ ಹೀಗೆ ಸೇರಿಸಲು ಹೇಳು: ಬಂದಿಳಿದ 48 ಗಂಟೆಯೊಳಗೆ, ಮೊದಲ ಪ್ರಾಕ್ಟೀಸಿಗೂ ಮುಂಚೆ ಪರೀಕ್ಷೆ ಮುಗಿಯಬೇಕು. ಅಷ್ಟರಲ್ಲಿ ಮಾಡಿಸದಿದ್ದರೆ ಪಾಸಾದ ಹಾಗೇ ಲೆಕ್ಕ. ಇದೇನೂ ದೊಡ್ಡ ಬೇಡಿಕೆ ಅಲ್ಲ.

ನಿನ್ನ ಏಜೆಂಟ್ ಇದನ್ನು ಯಾಕೆ ಕೇಳಲಿಲ್ಲ ಅನ್ನುವುದೇ ನನಗಿರುವ ಅನುಮಾನ. ಅವರಿಗೆ ಫಿಬಾ, ಅಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ, ಕೊಡುವ ಲೈಸೆನ್ಸ್ ಇದೆಯಾ ನೋಡು. ಏಜೆಂಟರ ಕಮಿಷನ್ ಸಾಮಾನ್ಯವಾಗಿ ಸಂಬಳದ ಶೇ. 10ರ ಆಸುಪಾಸು ಇರುತ್ತದೆ, ಎಷ್ಟೋ ಕಡೆ ಅದನ್ನು ಕ್ಲಬ್ಬೇ ಕೊಡುತ್ತದೆ. ನಿನ್ನ ಜೇಬಿನಿಂದ ಹೋಗುವುದಿಲ್ಲ ಅಂತ ನೀನು ಖುಷಿಪಟ್ಟೆ. ನನಗೆ ಅಷ್ಟು ಖುಷಿ ಆಗಲಿಲ್ಲ. ದುಡ್ಡು ಕೊಡುವವರ ಜೊತೆ ಜಗಳ ಆಡಲು ಯಾರಿಗೂ ಉತ್ಸಾಹ ಜಾಸ್ತಿ ಇರುವುದಿಲ್ಲ, ಅಲ್ವಾ? ಕೆಟ್ಟವರು ಅಂತಲ್ಲ. ಅವರಿಗೆ ನಿನ್ನಂಥ ಆಟಗಾರ್ತಿಯರು ಹತ್ತಾರು ಜನ, ಕ್ಲಬ್ಬುಗಳು ಮಾತ್ರ ಮುಂದಿನ ವರ್ಷವೂ ಬೇಕು.

ಸಂಬಳ "ನೆಟ್" ಅಂತ ಬರೆದಿರುವುದು ಒಳ್ಳೆಯದು. ಅಂದರೆ ಅಲ್ಲಿನ ತೆರಿಗೆ ಕ್ಲಬ್ಬಿನ ತಲೆನೋವು. ಆದರೆ ತೆರಿಗೆ ಕಟ್ಟಿದ ಸರ್ಟಿಫಿಕೇಟ್ ನಿನ್ನ ಕೈಗೆ ಬರಬೇಕು ಅನ್ನುವುದನ್ನೂ ಬರೆಸು. ಅದಿಲ್ಲದಿದ್ದರೆ ನಾಳೆ ಎರಡನೇ ಸಲ ತೆರಿಗೆ ಕಟ್ಟುವ ಪಾಡು ಬರಬಹುದು.

ಸಂಬಳ ತಡವಾಗುವುದು ಈ ವೃತ್ತಿಯಲ್ಲಿ ಅಪರೂಪ ಅಲ್ಲ. ಸ್ಪಾನ್ಸರ್ ಕೈಬಿಟ್ಟರೆ, ಟೀಮ್ ನಾಲ್ಕು ಪಂದ್ಯ ಸಾಲಾಗಿ ಸೋತರೆ, ಮೊದಲು ಏಟು ಬೀಳುವುದು ಸಂಬಳಕ್ಕೇ. ಇಷ್ಟು ದಿನ ತಡವಾದರೆ ದಂಡ, ಅದಕ್ಕೂ ಮೀರಿದರೆ ನೀನು ಆಡದೆ ಕೂರಬಹುದು, ಆಮೇಲೂ ಕೊಡದಿದ್ದರೆ ಪೂರ್ತಿ ಸೀಸನ್ನಿನ ಬಾಕಿ ಕೇಳಿಕೊಂಡು ಹೊರಡಬಹುದು ಅಂತ ದಿನಗಳ ಸಂಖ್ಯೆ ಸಮೇತ ಇರಬೇಕು. ಜಗಳವಾದರೆ ಎಲ್ಲಿಗೆ ಹೋಗುವುದು? ಫಿಬಾ 2007ರಲ್ಲಿ ಶುರುಮಾಡಿದ ಬಾಸ್ಕೆಟ್‌ಬಾಲ್ ಪಂಚಾಯ್ತಿ ಮಂಡಳಿ ಒಂದು ಜಿನೀವಾದಲ್ಲಿದೆ, ಎಲ್ಲರೂ ಬ್ಯಾಟ್ ಅನ್ನುತ್ತಾರೆ. ಸಾಮಾನ್ಯವಾಗಿ ಅಲ್ಲಿ ಒಬ್ಬರೇ ಮಧ್ಯಸ್ಥಗಾರರು, ಕಾಗದಪತ್ರ ನೋಡಿ ತೀರ್ಪು ಕೊಡುತ್ತಾರೆ. ಆ ದೇಶದ ಕಾನೂನು ಏನು, ಈ ದೇಶದ್ದೇನು ಅಂತ ಎಳೆದಾಡುವುದಿಲ್ಲ, ನ್ಯಾಯವಾಗಿ ಯಾವುದು ಸರಿ ಅಂತ ನೋಡುತ್ತಾರೆ. ತೀರ್ಪು ಬಂದ ಮೇಲೂ ದುಡ್ಡು ಕೊಡದ ಕ್ಲಬ್ ಹೊಸ ಆಟಗಾರರನ್ನು ನೋಂದಾಯಿಸದ ಹಾಗೆ ಫಿಬಾ ನಿಷೇಧ ಹಾಕಬಹುದು. ಕ್ಲಬ್ಬುಗಳು ಹೆದರುವುದು ಇದಕ್ಕೇ. ಆದರೆ ಕಾಂಟ್ರಾಕ್ಟಿನಲ್ಲಿ ಬ್ಯಾಟ್ ಹೆಸರು ಬರೆದಿದ್ದರೆ ಮಾತ್ರ ಆ ಬಾಗಿಲು ತೆರೆಯುತ್ತದೆ. ನಿನ್ನದರಲ್ಲಿ "ಸ್ಥಳೀಯ ನ್ಯಾಯಾಲಯ" ಅಂತಿದೆ. ಭಾಷೆ ಬಾರದ ಊರಿನ ಕೋರ್ಟಿಗೆ ನೀನು ಅಲೆಯುವುದನ್ನು ನೆನೆಸಿಕೊಂಡೇ ನನಗೆ ಸುಸ್ತಾಯಿತು. ಬೇರೆ ಯಾವುದನ್ನು ಬಿಟ್ಟುಕೊಟ್ಟರೂ ಇದನ್ನು ಬಿಡಬೇಡ.

ನೀನು ಅಲ್ಲಿಗೆ ಹೋಗುವುದು "ಇಂಪೋರ್ಟ್" ಆಗಿ. ಲೀಗ್‌ಗಳಲ್ಲಿ ವಿದೇಶಿಯರಿಗೆ ಇಷ್ಟೇ ಜಾಗ ಅಂತ ಮಿತಿ ಇರುತ್ತದೆ. ಹಾಗಾಗಿ ಆ ಜಾಗದಲ್ಲಿ ಕೂತವಳು ಪಾಯಿಂಟ್ ತಂದೇ ತರಬೇಕು ಅಂತ ಎಲ್ಲರೂ ಕಾಯುತ್ತಾರೆ. ಊರಿನ ಹುಡುಗಿ ಮೂರು ಪಂದ್ಯ ಕೆಟ್ಟದಾಗಿ ಆಡಿದರೆ "ಫಾರ್ಮ್ ಇಲ್ಲ" ಅನ್ನುತ್ತಾರೆ, ನೀನು ಆಡಿದರೆ ಬದಲಿಗೆ ಯಾರನ್ನು ತರೋಣ ಅಂತ ನೋಡುತ್ತಾರೆ. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ, ಆದರೆ ಕಾಗದಕ್ಕೆ ಹಚ್ಚು. ಆಟ ಚೆನ್ನಾಗಿಲ್ಲ ಅಂತಲೋ, ಗಾಯವಾಯಿತು ಅಂತಲೋ ತೆಗೆದರೂ ಸಂಬಳ ಪೂರ್ತಿ ಸಿಗಬೇಕು. "ಗ್ಯಾರಂಟಿ" ಅಂದರೆ ಅದೇ ತಾನೇ. ನಿನ್ನ ಕಾಂಟ್ರಾಕ್ಟಿನಲ್ಲಿ ಆ ಪದ ಮೊದಲ ಪುಟದಲ್ಲಿದೆ, ನಾಲ್ಕನೇ ಪುಟದ ಷರತ್ತು ಅದನ್ನು ಮೆಲ್ಲಗೆ ವಾಪಸ್ ತೆಗೆದುಕೊಂಡಿದೆ. ಹಳದಿ ಗುರುತು ಹಾಕಿದ್ದೇನೆ, ನೋಡು.

ಗಾಯ ಯಾರನ್ನೂ ಬಿಟ್ಟಿಲ್ಲ. ಬ್ರಿಯಾನಾ ಸ್ಟೀವರ್ಟ್ 2018ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯೂಎನ್‌ಬಿಎಯ ಅತ್ಯುತ್ತಮ ಆಟಗಾರ್ತಿ. ಮುಂದಿನ ಏಪ್ರಿಲ್‌ನಲ್ಲಿ ರಷ್ಯಾದ ಕ್ಲಬ್ ಪರವಾಗಿ ಹಂಗೇರಿಯಲ್ಲಿ ಯುರೋಪಿನ ಕ್ಲಬ್ಬುಗಳ ಯೂರೋಲೀಗ್ ಫೈನಲ್ ಆಡುವಾಗ ಹಿಮ್ಮಡಿಯ ಸ್ನಾಯುರಜ್ಜು ಹರಿದು, ಆ ವರ್ಷದ ಅಮೆರಿಕದ ಸೀಸನ್ ಪೂರ್ತಿ ಹೋಯಿತು. 2020ರಲ್ಲಿ ವಾಪಸ್ ಬಂದು ಚಾಂಪಿಯನ್ ಆದಳು, ಅದು ಬೇರೆ ಮಾತು. ಬೇಸಿಗೆಯಲ್ಲಿ ಒಂದು ಕಡೆ, ಚಳಿಗಾಲದಲ್ಲಿ ಇನ್ನೊಂದು ಕಡೆ ಆಡಿದರೆ ಮೈಗೆ ವಿಶ್ರಾಂತಿ ಎಲ್ಲಿ? ಅಮೆರಿಕದ ಇನ್ನೊಬ್ಬ ದೊಡ್ಡ ಆಟಗಾರ್ತಿ ಡಯಾನಾ ಟೌರಾಸಿಗೆ 2015ರಲ್ಲಿ ರಷ್ಯಾದ ಕ್ಲಬ್ಬೇ ದುಡ್ಡು ಕೊಟ್ಟು ಅಮೆರಿಕದ ಸೀಸನ್ ಆಡದೆ ವಿಶ್ರಾಂತಿ ತಗೋ ಅಂದಿತ್ತು. ಅಂಥ ಭಾಗ್ಯ ಟೌರಾಸಿಗೆ ಸಿಗುತ್ತದೆ, ನಮಗಲ್ಲ.

ಆಕೆಯದೇ ಇನ್ನೊಂದು ಕಥೆ ಹೇಳಿಬಿಡುತ್ತೇನೆ. 2010ರ ಕೊನೆಗೆ ಟರ್ಕಿಯಲ್ಲಿ ಆಡುವಾಗ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು ಅಂತ ಸುದ್ದಿಯಾಯಿತು, ಕ್ಲಬ್ ಕಾಂಟ್ರಾಕ್ಟ್ ಮುರಿಯಿತು. 2011ರ ಫೆಬ್ರವರಿಯಲ್ಲಿ ಲ್ಯಾಬಿನವರೇ ತಮ್ಮ ವರದಿ ವಾಪಸ್ ತೆಗೆದುಕೊಂಡರು. ಹೆಸರು ಸ್ವಚ್ಛವಾಯಿತು, ಆದರೆ ಕೆಲಸ ಹೋದದ್ದು ಹೋಯಿತು. ಹಾಗಾಗಿ ಅಂತಿಮ ತೀರ್ಮಾನ ಬರುವ ತನಕ ಕಾಂಟ್ರಾಕ್ಟ್ ಮುರಿಯುವಂತಿಲ್ಲ ಅಂತ ಸೇರಿಸು. ನೆಗಡಿಗೆ ಅಂತ ಸಿಕ್ಕಿದ ಮಾತ್ರೆ ನುಂಗಬೇಡ. ಅಂಥ ಮಾತ್ರೆಗಳಲ್ಲಿರುವ ಸೂಡೋಎಫೆಡ್ರಿನ್ ಮಿತಿ ಮೀರಿದರೆ ಪಂದ್ಯದ ಹೊತ್ತಿಗೆ ಅದೂ ನಿಷಿದ್ಧವೇ. ಬ್ಯಾಗನ್ನು ನೀನೇ ತುಂಬು, ಬೇರೆಯವರ ಪೊಟ್ಟಣ ಇಟ್ಟುಕೊಳ್ಳಬೇಡ. ಅಮೆರಿಕದ ಆಟಗಾರ್ತಿ ಬ್ರಿಟ್ನಿ ಗ್ರೈನರ್ 2022ರಲ್ಲಿ ಮಾಸ್ಕೋ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದು ಜೈಲಿನಲ್ಲಿದ್ದದ್ದು ಫೆಬ್ರವರಿಯಿಂದ ಡಿಸೆಂಬರ್ ತನಕ. ಬ್ಯಾಗಿನಲ್ಲಿ ಸಿಕ್ಕಿದ್ದು ಒಂದಿಷ್ಟು ಗಾಂಜಾ ಎಣ್ಣೆ.

ಇನ್ನುಳಿದವು ಸಣ್ಣ ಪುಟ್ಟವು. "ಅಪಾರ್ಟ್‌ಮೆಂಟ್ ಕೊಡುತ್ತೇವೆ" ಅಂದಿದ್ದಾರೆ. ಒಬ್ಬಳಿಗೋ, ಇಬ್ಬರಿಗೋ? ಚಳಿಗಾಲದ ಹೀಟಿಂಗ್ ಬಿಲ್ ಯಾರದು? ಕಾಂಟ್ರಾಕ್ಟ್ ಮುಗಿದ ಮೇಲೆ ಎಷ್ಟು ದಿನ ಇರಬಹುದು? ವಿಮಾನದ ಟಿಕೆಟ್ ಬರುವುದಕ್ಕೂ ಹೋಗುವುದಕ್ಕೂ ಅವರದೇ ಇರಲಿ. ಮಧ್ಯದಲ್ಲಿ ಬಿಟ್ಟು ಬರುವಂತಾದರೆ ಬಿಡುಗಡೆ ಪತ್ರವನ್ನು ಬರಹದಲ್ಲೇ ತಗೋ. ಹಳೇ ಕಾಂಟ್ರಾಕ್ಟ್ ಜೀವಂತ ಇದ್ದರೆ ಅಲ್ಲಿನ ಫೆಡರೇಷನ್ ಕ್ಲಿಯರೆನ್ಸ್ ಲೆಟರ್ ಕೊಡದೆ ಇರಬಹುದು, ಅದಿಲ್ಲದೆ ಬೇರೆ ದೇಶದ ಲೀಗಿನಲ್ಲಿ ಕಾಲಿಡುವ ಹಾಗಿಲ್ಲ.

ಒಂಟಿತನದ ಬಗ್ಗೆ ನಾನೇನೂ ಹೇಳುವುದಿಲ್ಲ. ಟೈಮ್‌ಔಟಿನಲ್ಲಿ ಕೋಚ್ ಅವರ ಭಾಷೆಯಲ್ಲಿ ಕೂಗಾಡುವಾಗ ಬೋರ್ಡಿನ ಮೇಲಿನ ಬಾಣದ ಗುರುತುಗಳೇ ಗತಿ ಅಂತ ನೀನೇ ನಗಾಡಿದ್ದೆಯಲ್ಲ. ಅದನ್ನೆಲ್ಲ ನಿಭಾಯಿಸುತ್ತೀಯ, ನನಗೆ ಗೊತ್ತು. ಅಲ್ಲಿನ ಭಾಷೆಯಲ್ಲಿ "ಸ್ಕ್ರೀನ್", "ಬದಲಾಯಿಸು", "ಎಡಕ್ಕೆ", "ಬಲಕ್ಕೆ" ಇಷ್ಟಾದರೂ ಹೋಗುವ ಮೊದಲೇ ಕಲಿತುಕೋ.

ನನ್ನ ಗುರುತುಗಳಿರುವ ಪ್ರತಿಯನ್ನು ಏಜೆಂಟರಿಗೆ ಹಾಗೇ ಕಳಿಸು, ಉತ್ತರ ಫೋನಿನಲ್ಲಿ ಬೇಡ, ಇಮೇಲಿನಲ್ಲಿ ಬರಲಿ. ವಿಮೆಯ ಪಾಲಿಸಿಯ ಒಂದು ಪ್ರತಿ ನನಗೂ ಬೇಕು. ಅಪ್ಪ ಆಗಲೇ ಆ ಲೀಗಿನ ವೇಳಾಪಟ್ಟಿ ಹುಡುಕುತ್ತಾ ಕೂತಿದ್ದಾರೆ. ಪಂದ್ಯಗಳು ಯಾವ ಆ್ಯಪಿನಲ್ಲಿ ಬರುತ್ತವೆ, ದುಡ್ಡು ಕಟ್ಟಬೇಕಾ ಅಂತ ಕೇಳಿ ಹೇಳಬೇಕಂತೆ.

ನಿನ್ನ ಅಮ್ಮ